ಎಡಕ್ಕೆ ತಿರುಗಿದಾಗ

"ಎಡಕ್ಕೆ ತಿರುಗಿಸಿದ್ರೆ ಸಾಕು, ತಾನೇ ಕೂಗ್ತೈತಿ,"
ಅಂದ ದುಗ್ಗಪ್ಪ, ಗಾಡಿ ತಳ್ಳಿಕೊಂಡು ಬಂದು.
ಮಂಡಕ್ಕಿ ಭಟ್ಟಿಯ ಮಸಿ ಅವನ ರೆಪ್ಪೆಗೂ ಹತ್ತಿತ್ತು.
ಎಂಬತ್ಮೂರರ ಎಜ್ಡಿ. ಎರಡು ಸೈಲೆನ್ಸರು,
ಒಂದಕ್ಕೆ ಬೇಲಿ ತಂತಿ ಬಿಗಿದದ್ದು.
ಹಿಂದೆ ಆಳೆತ್ತರದ ಚೀಲಗಳು, ತೂಕವಿಲ್ಲದ ಹೊರೆ.
"ನನಗೆ ಗಾಳೀನೇ ಲೋಡು" ಅನ್ನುತ್ತಾನೆ ಯಾವಾಗಲೂ.

"ನಡುನಡುವೆ ಬಿಕ್ಕಳಿಸಿ ನಿಂತೂ ಬಿಡ್ತೈತಿ.
ಮೂರು ಮಂದಿ ನೋಡಿದ್ರು.
ಒಬ್ಬ ಪ್ಲಗ್ ಬದಲಿಸಿದ, ಒಬ್ಬ ಕಂಡೆನ್ಸರ್.
ಮೂರನೇಯವ, ಮಾರಿಬಿಡು ಅಂದ."

ನಾನು ಮೊದಲು ಏನನ್ನೂ ಬಿಚ್ಚುವುದಿಲ್ಲ.
ಸ್ಟಾರ್ಟ್ ಮಾಡಿ, ಹ್ಯಾಂಡಲ್ ಹಿಡಿದು
ಬಲಕ್ಕೆ, ಎಡಕ್ಕೆ, ಮತ್ತೆ ಬಲಕ್ಕೆ,
ರಾತ್ರಿಪಾಳಿ ಮುಗಿಸಿ ಬಂದು ತೊಟ್ಟಿಲು ತೂಗಿದ ಹಾಗೆ.
ಎಡದ ಕೊನೆಗೆ ಬಂತು, ಸದ್ದು ಏರಿತು.
ಎಕ್ಸಿಲೇಟರ್ ಯಾರೂ ಮುಟ್ಟಿಲ್ಲ.
ಯಾವನೋ ಪುಣ್ಯಾತ್ಮ ಕೇಬಲನ್ನು
ಹ್ಯಾಂಡಲಿನ ಕತ್ತಿನ ತಪ್ಪು ಮಗ್ಗುಲಿಂದ ಹಾಯಿಸಿದ್ದ.
ಪ್ರತಿ ಎಡ ತಿರುವಿಗೂ ಅದು ಜಗ್ಗಿ, ಜಗ್ಗಿ,
ಹತ್ತೊಂಬತ್ತು ಎಳೆಯಲ್ಲಿ ಏಳು ಕಡಿದಿದ್ದವು.
ಎಣಿಸುವಾಗ ಒಂದು ಹೆಬ್ಬೆರಳಿಗೆ ಚುಚ್ಚಿತು.

ಹನ್ನೊಂದು ವರ್ಷ ಮಿಲ್ಲಿನಲ್ಲಿ ನೂಲು ಕೂಡಿಸಿದ ಬೆರಳು ಇದು.
ಆ ಗದ್ದಲದಲ್ಲಿ, ಆ ಹತ್ತಿಯ ಮಂಜಿನಲ್ಲಿ
ಎಲ್ಲಿ ಕಡಿಯಿತೆಂದು ಕಣ್ಣಿಗಿಂತ ಮೊದಲು ತಿಳಿಯುತ್ತಿತ್ತು;
ಒಂದು ತಿರುವು, ಒಂದು ಒತ್ತು, ಮತ್ತೆ ಓಡುತ್ತಿತ್ತು ಕದಿರು.
ಗೇಟಿಗೆ ಬೀಗ ಬಿದ್ದ ಮೇಲೆ ಮಷೀನುಗಳು ಗುಜರಿಗೆ ಹೋದವು.
ಬೆರಳನ್ನು ಯಾರೂ ತೂಕಕ್ಕೆ ಕೇಳಲಿಲ್ಲ.
ಉಕ್ಕಿನೆಳೆಯನ್ನು ಹಾಗೆ ಕೂಡಿಸಲಾಗದು.
ಹೊಸ ತಂತಿಯೇ ಬೇಕು.

ತುದಿಯನ್ನು ಜೀರಿಗೆ ಹೂವಿನಷ್ಟು ಅರಳಿಸಿ
ನಿಪ್ಪಲ್ಲಿನೊಳಗೆ ಕೂರಿಸಿ ಬೆಸುಗೆ ಹಾಕಿದೆ.
ಹಳೇ ಪಂಚಾಂಗದ ಹಾಳೆಯ ಆಲಿಕೆ ಮಾಡಿ
ಹುಡುಗ ಕಲಂದರ್ ಎಣ್ಣೆ ಬಿಟ್ಟ, ಹನಿ ಹನಿ,
ಕೆಳಗಿನ ಬಾಯಲ್ಲಿ ಅದು ಇಣುಕುವವರೆಗೆ.
"ಪೂರಾ ಟೈಟ್ ಮಾಡ್ಲಾ, ಮೇಸ್ತ್ರಿ?"
"ಬ್ಯಾಡ. ಒಂದು ಜೋಳದ ಕಾಳಿನಷ್ಟು ಪ್ಲೇ ಬಿಡು."
"ಯಾಕೆ?"
"ತಿರುಗಿಸಿ ನೋಡು, ಅದೇ ಹೇಳ್ತೈತಿ."

ಕೂಗುವುದು ನಿಂತಿತು. ಬಿಕ್ಕಳಿಕೆ ನಿಲ್ಲಲಿಲ್ಲ.
ಪಾಯಿಂಟು ಉಜ್ಜಿದೆ, ಬೀಡಿ ಕಟ್ಟಿನ ಕಾಗದ ತೂರಿಸಿ ಒರೆಸಿದೆ,
ಗ್ಯಾಪು ಅಳೆದೆ, ಮತ್ತೆ ಅಳೆದೆ.
ಕಾಯಿಲ್ ಬಿಸಿಯಿಲ್ಲ. ಪ್ಲಗ್ಗಿನಲ್ಲಿ ಕಿಡಿ ಇದೆ,
ಒಮ್ಮೊಮ್ಮೆ ಇಲ್ಲ.
ಮೂರನೆಯವನ ಮಾತು ನನ್ನ ನಾಲಗೆ ತುದಿಗೂ ಬಂದಿತ್ತು,
ನಾಚಿಕೆಯ ಮಾತು, ಯಾಕೆ ಮುಚ್ಚಿಡಲಿ.

ಆಗ ಕರೆಂಟ್ ಹೋಯಿತು.
ಓಣಿಯ ಉದ್ದಕ್ಕೂ ಒಂದೇ ಬೈಗುಳ.
ಎದುರಿನ ಹಿಟ್ಟಿನ ಗಿರಣಿ ನಿಟ್ಟುಸಿರಿಟ್ಟು ನಿಂತಿತು.
ಎಂಜಿನ್ ಮಾತ್ರ ಓಡುತ್ತಲೇ ಇತ್ತು ಕತ್ತಲಲ್ಲಿ,
ಆರಿಸಬೇಕೆಂದು ಬಗ್ಗಿದವನು ಬಗ್ಗಿದಂತೆಯೇ ಉಳಿದೆ.

ಟ್ಯಾಂಕಿನ ಕೆಳಗೆ, ಪ್ಲಗ್ ವೈರು ಚಾಸಿಗೆ ಒರಗಿದಲ್ಲಿ
ಒಂದು ನೀಲಿ ಎಳೆ.
ಕೂದಲಷ್ಟೂ ದಪ್ಪವಿಲ್ಲ. ಹಾರುತ್ತದೆ, ಕಡಿಯುತ್ತದೆ,
ಹಾರುತ್ತದೆ.
"ಮಿಣುಕುಹುಳ ಹೊಕ್ಕೈತೇನಲೇ?" ಅಂದ ದುಗ್ಗಪ್ಪ.
ಕಲಂದರ್ ನಕ್ಕ. ನಾನು ನಗಲಿಲ್ಲ,
ಬೆಳಕಿದ್ದಷ್ಟು ಹೊತ್ತೂ ಅದು ಅಲ್ಲೇ ಇತ್ತಲ್ಲ.

ಯಾರದೋ ಲೂನಾದಿಂದ ಉಳಿದಿದ್ದ ವೈರು ತುಂಡು
ಮೇಣದಬತ್ತಿಯಲ್ಲೇ ಜೋಡಿಸಿದೆ.
ಅರ್ಧ ದುಡ್ಡು ಕೊಟ್ಟ, ಉಳಿದದ್ದಕ್ಕೆ ಶನಿವಾರ ಅಂದ,
ಹಗ್ಗ ಸಡಿಲಿಸಿ ಎರಡು ಸೇರು ಮಂಡಕ್ಕಿ ಸುರಿದ,
ಇನ್ನೂ ಬೆಚ್ಚಗಿತ್ತು.

ಹೊರಟ. ಹೆಡ್‌ಲೈಟು ಗಂಜಿ ಬಣ್ಣದ್ದು.
ಓಣಿಯ ತುದಿಯಲ್ಲಿ ಎಡಕ್ಕೇ ತಿರುಗಬೇಕು ಅವನು.
ಬಾಯಲ್ಲಿದ್ದ ಮಂಡಕ್ಕಿ ಅಗಿಯದೆ ಕಾದೆ,
ಅದರ ಸದ್ದೂ ಅಡ್ಡ ಬರಬಾರದೆಂದು.

ಚೀಲಗಳು ವಾಲಿದವು.
ಸದ್ದು ಏರಲಿಲ್ಲ.

ಹೆಬ್ಬೆರಳಲ್ಲಿ ಆ ಮುರುಕು ಇನ್ನೂ ಇದೆ.
ಕರೆಂಟ್ ಬಂದ ಮೇಲೆ ತೆಗೆದರಾಯಿತು.